ಗಂಡುಮಕ್ಕಳ ಹರೆಯ: ಕ್ರಮ ಒಂದೇ, ಕಾಲ ಬೇರೆ ಬೇರೆ

ಒಂಬತ್ತನೇ ತರಗತಿಯ ಯಾವುದೇ ಗುಂಪು ಛಾಯಾಚಿತ್ರವನ್ನು ನೋಡಿ. ಹಿಂದಿನ ಸಾಲಿನಲ್ಲಿ ಮೀಸೆ ಮೂಡಿದ, ಮೇಷ್ಟರಿಗಿಂತಲೂ ಎತ್ತರವಾದ ಹುಡುಗನೊಬ್ಬ ನಿಂತಿರುತ್ತಾನೆ. ಮುಂದಿನ ಸಾಲಿನಲ್ಲಿ ಐದನೇ ತರಗತಿಯವನಂತೆ ಕಾಣುವ ಮತ್ತೊಬ್ಬ ಕುಳಿತಿರುತ್ತಾನೆ. ಇಬ್ಬರ ಜನ್ಮದಿನಗಳ ನಡುವೆ ಕೆಲವೇ ವಾರಗಳ ಅಂತರವಿರಬಹುದು. ಇಬ್ಬರೂ ಸಂಪೂರ್ಣ ಆರೋಗ್ಯವಂತರಾಗಿರುವ ಸಾಧ್ಯತೆಯೇ ಹೆಚ್ಚು.

ಹೆಣ್ಣುಮಗುವಿನ ಹರೆಯಕ್ಕೆ ಒಂದು ನಿಶ್ಚಿತ ದಿನವಿದೆ. ಋತುಮತಿಯಾದ ದಿನ ಮನೆಯ ಹಿರಿಯ ಹೆಂಗಸರು ಹತ್ತಿರ ಕೂರಿಸಿಕೊಂಡು ನಾಲ್ಕು ಮಾತು ಹೇಳುತ್ತಾರೆ; ಅನೇಕ ಮನೆಗಳಲ್ಲಿ ಆರತಿಯೂ ನಡೆಯುತ್ತದೆ. ಗಂಡುಮಗುವಿಗೆ ಅಂಥ ದಿನವಿಲ್ಲ, ಮಾತೂ ಇಲ್ಲ. ಗೆಳೆಯರ ಗೇಲಿ, ಗೋಡೆಯ ಮೇಲಿನ ಜಾಹೀರಾತು ಮತ್ತು ಮೊಬೈಲ್ ಪರದೆಗಳೇ ಅವನ ಗುರುಗಳಾಗುತ್ತವೆ. ತನ್ನ ದೇಹದಲ್ಲಿ ಏನೋ ಕೊರತೆಯಿದೆ ಎಂಬ ಭಯ ಹುಟ್ಟಲು ಇಷ್ಟು ಸಾಕು. ಈ ಭಯದಲ್ಲಿ ಬಹುಪಾಲು ನಿರಾಧಾರ. ಆದರೆ ಅಲಕ್ಷಿಸಬಾರದ ಕೆಲವು ಸೂಚನೆಗಳೂ ಇವೆ. ಇವೆರಡರ ನಡುವಿನ ವ್ಯತ್ಯಾಸವನ್ನು ತಿಳಿಯುವುದು ಹುಡುಗರಿಗೂ ಹೆತ್ತವರಿಗೂ ಅಗತ್ಯ.

ಆರಂಭ ಎಲ್ಲಿಂದ?

ಹರೆಯ ಆರಂಭವಾಗುವುದು ಮೆದುಳಿನಲ್ಲಿ. ಮೆದುಳಿನ ತಳಭಾಗದಲ್ಲಿರುವ ಹೈಪೋಥಲಾಮಸ್ ಒಂದು ಹಾರ್ಮೋನನ್ನು ಬಿಟ್ಟು ಬಿಟ್ಟು ಮಿಡಿತದಂತೆ ಸ್ರವಿಸತೊಡಗುತ್ತದೆ. ಮೊದಮೊದಲು ಇದು ನಿದ್ರೆಯ ವೇಳೆಯಲ್ಲಿ ಮಾತ್ರ ನಡೆಯುತ್ತದೆ. ಇದರಿಂದ ಪ್ರಚೋದನೆಗೊಂಡ ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ ಸಂದೇಶ ಕಳುಹಿಸುತ್ತದೆ. ವೃಷಣಗಳು ಟೆಸ್ಟೋಸ್ಟಿರಾನ್ ಎಂಬ ಪುರುಷ ಹಾರ್ಮೋನನ್ನು ಉತ್ಪಾದಿಸುತ್ತವೆ. ಮುಂದಿನ ಬದಲಾವಣೆಗಳೆಲ್ಲ ಈ ಸರಪಳಿಯ ಫಲ.

ಗಂಡುಮಕ್ಕಳಲ್ಲಿ ಈ ಪ್ರಕ್ರಿಯೆ 9ರಿಂದ 14 ವರ್ಷದೊಳಗೆ ಎಂದು ಆರಂಭವಾದರೂ ಅದು ಸಹಜ ಎಂಬುದು ವೈದ್ಯಶಾಸ್ತ್ರದ ಒಪ್ಪಿತ ಅಭಿಪ್ರಾಯ. ಅಂದರೆ ಸಹಜತೆಯ ವ್ಯಾಪ್ತಿಯೇ ಐದು ವರ್ಷಗಳಷ್ಟು ವಿಶಾಲವಾಗಿದೆ. ಮೀಸೆಯಾಗಲಿ ಒಡೆದ ಧ್ವನಿಯಾಗಲಿ ಹರೆಯದ ಮೊದಲ ಚಿಹ್ನೆಯಲ್ಲ. ಮೊದಲು ಬೆಳೆಯುವುದು ವೃಷಣಗಳು. ಅವುಗಳ ಗಾತ್ರ 4 ಮಿಲಿಲೀಟರ್ ತಲುಪಿದರೆ ಹರೆಯ ಆರಂಭವಾಗಿದೆ ಎಂದು ವೈದ್ಯರು ನಿರ್ಧರಿಸುತ್ತಾರೆ. ಈ ಬದಲಾವಣೆ ಮನೆಯವರ ಕಣ್ಣಿಗೆ ಬೀಳುವಂಥದ್ದಲ್ಲ. ಹೀಗಾಗಿ ‘ಇವನಿನ್ನೂ ಬೆಳೆದೇ ಇಲ್ಲ’ ಎಂದು ಹೆತ್ತವರು ಕೊರಗುವ ವೇಳೆಗೆ ಎಷ್ಟೋ ಹುಡುಗರಲ್ಲಿ ಬೆಳವಣಿಗೆ ಆರಂಭವಾಗಿ ಒಂದು ವರ್ಷವೇ ಕಳೆದಿರುತ್ತದೆ.

ಟ್ಯಾನರ್ ಗುರುತಿಸಿದ ಐದು ಹಂತಗಳು

ಬ್ರಿಟನ್ನಿನ ಮಕ್ಕಳ ಬೆಳವಣಿಗೆ ತಜ್ಞ ಜೇಮ್ಸ್ ಟ್ಯಾನರ್ ಹೆಸರು ಈ ವಿಷಯದೊಂದಿಗೆ ಬೆಸೆದುಕೊಂಡಿದೆ. ಎರಡನೇ ಮಹಾಯುದ್ಧದ ನಂತರ ಹಾರ್ಪೆಂಡನ್ ಎಂಬ ಊರಿನ ಮಕ್ಕಳ ಆಶ್ರಯಧಾಮದಲ್ಲಿ ಬೆಳೆಯುತ್ತಿದ್ದ ಮಕ್ಕಳನ್ನು ಅವರು ವರ್ಷಗಟ್ಟಲೆ ಅಳೆದು ದಾಖಲಿಸಿದರು. 228 ಬಾಲಕರ ದಾಖಲೆಗಳನ್ನು ಆಧರಿಸಿ ಟ್ಯಾನರ್ ಮತ್ತು ಅವರ ಸಹೋದ್ಯೋಗಿ ಮಾರ್ಷಲ್ 1970ರಲ್ಲಿ ಪ್ರಕಟಿಸಿದ ಪ್ರಬಂಧ ಇಂದಿಗೂ ಶಿಶುವೈದ್ಯರ ಕೈಪಿಡಿಗಳಿಗೆ ಆಧಾರವಾಗಿದೆ. ಬಾಲ್ಯದಿಂದ ಪೂರ್ಣ ಬೆಳವಣಿಗೆಯವರೆಗಿನ ದಾರಿಯನ್ನು ಐದು ಹಂತಗಳಾಗಿ ವಿಂಗಡಿಸಿದ್ದು ಟ್ಯಾನರ್ ಅವರೇ.

ಆ ಅಧ್ಯಯನದಿಂದ ಎರಡು ಸಂಗತಿಗಳು ಸ್ಪಷ್ಟವಾದವು. ಮೊದಲನೆಯದು, ಬದಲಾವಣೆಗಳ ಕ್ರಮ ಬಹುತೇಕ ಎಲ್ಲರಲ್ಲೂ ಒಂದೇ ಆಗಿರುತ್ತದೆ. ಎರಡನೆಯದು, ಆರಂಭದ ವಯಸ್ಸು ಮತ್ತು ಸಾಗುವ ವೇಗ ಒಬ್ಬೊಬ್ಬರಲ್ಲೂ ಬೇರೆಯಾಗಿರುತ್ತದೆ. ಆರಂಭದಿಂದ ಪೂರ್ಣತೆಗೆ ಕೆಲವರು ಎರಡು ವರ್ಷಗಳೊಳಗೆ ತಲುಪಿದರೆ, ಇನ್ನು ಕೆಲವರಿಗೆ ನಾಲ್ಕೂವರೆ ವರ್ಷಗಳಿಗಿಂತ ಹೆಚ್ಚು ಕಾಲ ಬೇಕಾಯಿತು. ಒಬ್ಬ ಹುಡುಗ ಈ ದಾರಿಯನ್ನು ಮುಗಿಸುವ ವಯಸ್ಸಿನಲ್ಲಿ ಅವನ ಓರಗೆಯ ಇನ್ನೊಬ್ಬ ಇನ್ನೂ ಹೊರಟೇ ಇರದಿರಬಹುದು. ಎರಡೂ ಸಹಜವೇ.

ಎತ್ತರ: ಓಟದಲ್ಲಿ ಹಿಂದೆ ಬಿದ್ದವರು

ಬಾಲ್ಯದಲ್ಲಿ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯುತ್ತದೆ. ಹರೆಯದ ನಡುಘಟ್ಟದಲ್ಲಿ ಗಂಡುಮಕ್ಕಳ ಬೆಳವಣಿಗೆ ಒಮ್ಮೆಲೇ ಚುರುಕಾಗಿ, ವರ್ಷಕ್ಕೆ 9ರಿಂದ 10 ಸೆಂಟಿಮೀಟರ್‌ವರೆಗೂ ಹೋಗಬಹುದು. ಸರಾಸರಿಯಾಗಿ ಇದು ಹದಿನಾಲ್ಕರ ಆಸುಪಾಸಿನಲ್ಲಿ ನಡೆಯುತ್ತದೆ. ಹೆಣ್ಣುಮಕ್ಕಳಲ್ಲಿ ಇದೇ ಜಿಗಿತ ಸುಮಾರು ಎರಡು ವರ್ಷ ಮೊದಲೇ ಬರುತ್ತದೆ. ಏಳನೇ ತರಗತಿಯಲ್ಲಿ ಹುಡುಗಿಯರು ಎತ್ತರವಾಗಿ ಕಾಣುವುದು ಈ ಕಾರಣದಿಂದ.

ಬೆಳವಣಿಗೆಗೂ ಒಂದು ಸರದಿಯಿದೆ. ಮೊದಲು ಪಾದ ಮತ್ತು ಕೈಗಳು, ನಂತರ ಕಾಲುಗಳು, ಕೊನೆಗೆ ಮುಂಡ. ಆರು ತಿಂಗಳಿಗೊಮ್ಮೆ ಶೂ ಚಿಕ್ಕದಾಗುವುದು, ಸ್ವಲ್ಪ ಕಾಲ ಕೈಕಾಲುಗಳು ಅಳತೆಗೆ ಮೀರಿ ಉದ್ದವಾಗಿ ಕಾಣುವುದು ಈ ಸರದಿಯ ಪರಿಣಾಮ. ಎತ್ತರದ ಜಿಗಿತ ಮುಗಿದ ಮೇಲೆಯೇ ಸ್ನಾಯುಗಳ ಬಲ ವೇಗವಾಗಿ ಹೆಚ್ಚುತ್ತದೆ. ‘ಬಿದಿರಿನಂತೆ ಬೆಳೆದಿದ್ದಾನೆ, ಮೈಯಲ್ಲಿ ಕಸುವಿಲ್ಲ’ ಎಂಬ ಅಜ್ಜಿಯ ದೂರಿಗೆ ಕಾಲವೇ ಉತ್ತರ ಕೊಡುತ್ತದೆ.

ಮಗನ ಎತ್ತರ ಎಷ್ಟಾದೀತು ಎಂದು ಅಂದಾಜಿಸಲು ವೈದ್ಯರು ಸರಳ ಸೂತ್ರವೊಂದನ್ನು ಬಳಸುತ್ತಾರೆ. ತಂದೆ ಮತ್ತು ತಾಯಿಯ ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಕೂಡಿ, ಅದಕ್ಕೆ 13 ಸೇರಿಸಿ, ಎರಡರಿಂದ ಭಾಗಿಸಬೇಕು. ತಂದೆ 168, ತಾಯಿ 155 ಸೆಂಟಿಮೀಟರ್ ಇದ್ದರೆ ಮಗನ ಅಂದಾಜು ಎತ್ತರ 168. ಇದಕ್ಕಿಂತ ಸುಮಾರು 8 ಸೆಂಟಿಮೀಟರ್ ಹೆಚ್ಚು ಅಥವಾ ಕಡಿಮೆಯಾದರೂ ಸಹಜವೇ.

ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಫಲಕಗಳು ಮುಚ್ಚಿಕೊಂಡಾಗ ಎತ್ತರ ನಿಲ್ಲುತ್ತದೆ. ಈ ಫಲಕಗಳನ್ನು ಮುಚ್ಚುವುದು ಈಸ್ಟ್ರೋಜನ್. ಗಂಡಸರ ದೇಹದಲ್ಲೂ ಟೆಸ್ಟೋಸ್ಟಿರಾನಿನ ಒಂದಂಶ ಈಸ್ಟ್ರೋಜನ್ ಆಗಿ ಪರಿವರ್ತನೆಯಾಗುತ್ತದೆ. ಈಸ್ಟ್ರೋಜನ್‌ಗೆ ಸ್ಪಂದಿಸದ ದೇಹವುಳ್ಳ 28 ವರ್ಷದ ವ್ಯಕ್ತಿಯೊಬ್ಬನ ವಿವರ 1994ರಲ್ಲಿ ವೈದ್ಯಕೀಯ ನಿಯತಕಾಲಿಕೆಯಲ್ಲಿ ಪ್ರಕಟವಾಯಿತು. ಆತ 204 ಸೆಂಟಿಮೀಟರ್ ಎತ್ತರವಿದ್ದ. ಆ ವಯಸ್ಸಿನಲ್ಲೂ ಅವನ ಮೂಳೆಯ ಫಲಕಗಳು ಮುಚ್ಚಿರಲಿಲ್ಲ. ಫಲಕಗಳು ಮುಚ್ಚಿದ ಮೇಲಂತೂ ಯಾವ ಪುಡಿಯೂ, ಯಾವ ಟಾನಿಕ್ಕೂ, ಯಾವ ಜೋತಾಟವೂ ಎತ್ತರ ಹೆಚ್ಚಿಸಲಾರದು.

ಧ್ವನಿ ಒಡೆಯುವ ಕಾಲ

ಹರೆಯದಲ್ಲಿ ಧ್ವನಿಪೆಟ್ಟಿಗೆ ದೊಡ್ಡದಾಗಿ, ಧ್ವನಿತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ಧ್ವನಿಯ ಸ್ಥಾಯಿ ಸುಮಾರು ಒಂದು ಸಪ್ತಕದಷ್ಟು ಕೆಳಗಿಳಿಯುತ್ತದೆ. ಈ ಅವಧಿಯಲ್ಲಿ ಮಾತಿನ ನಡುವೆ ಧ್ವನಿ ಇದ್ದಕ್ಕಿದ್ದಂತೆ ಕೀರಲಾಗುವುದು, ಒಡಕಲಾಗುವುದು ಸಾಮಾನ್ಯ. ಕೆಲವರಲ್ಲಿ ಇದು ಕೆಲವು ತಿಂಗಳಲ್ಲಿ ಮುಗಿದರೆ ಕೆಲವರಲ್ಲಿ ವರ್ಷಕ್ಕೂ ಮೀರಿ ಮುಂದುವರಿಯುತ್ತದೆ. ಸಂಗೀತ ಕಲಿಯುವ ಬಾಲಕರು ಈ ಕಾಲದಲ್ಲಿ ಶ್ರುತಿಯನ್ನು ಇಳಿಸಿಕೊಳ್ಳಬೇಕಾಗುತ್ತದೆ. ಹಳೆಯ ಶ್ರುತಿಯಲ್ಲೇ ಹಟದಿಂದ ಹಾಡಿಸುವುದು ಗಂಟಲಿಗೆ ಹಿಂಸೆ.

ಧ್ವನಿಯ ದಾಖಲೆಗಳು ಇತಿಹಾಸದ ಸ್ವಾರಸ್ಯವೊಂದನ್ನೂ ತೆರೆದಿಟ್ಟಿವೆ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ಸಂಗೀತಗಾರ ಬಾಖ್ ನಡೆಸುತ್ತಿದ್ದ ಗಾಯನವೃಂದದ 1727ರಿಂದ 1749ರವರೆಗಿನ ಕಡತಗಳನ್ನು ಪರಿಶೀಲಿಸಿದ ಅಧ್ಯಯನವೊಂದು 1970ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಅಂದಿನ ಬಾಲಕರ ಧ್ವನಿ ಒಡೆಯುತ್ತಿದ್ದುದು ಹದಿನೇಳರ ಆಸುಪಾಸಿನಲ್ಲಿ. ಯುದ್ಧದ ವರ್ಷಗಳಲ್ಲಿ ಅದು ಇನ್ನೂ ತಡವಾಗಿತ್ತು. ಇಂದಿನ ಬಾಲಕರಲ್ಲಿ ಇದು ಹಲವು ವರ್ಷ ಮೊದಲೇ ನಡೆಯುತ್ತದೆ. ಆಹಾರ ಮತ್ತು ಆರೋಗ್ಯದ ಸ್ಥಿತಿ ಹರೆಯದ ಕಾಲವನ್ನು ಹಿಂದೆ ಮುಂದೆ ಮಾಡಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಮೀಸೆ, ಗಡ್ಡ ಮತ್ತು ಮೊಡವೆ

ಮೀಸೆ ಮೊದಲು ಚಿಗುರುವುದು ಮೇಲ್ದುಟಿಯ ಎರಡೂ ತುದಿಗಳಲ್ಲಿ. ಅನಂತರ ಅದು ತುಟಿಯ ಉದ್ದಕ್ಕೂ ಹರಡಿ, ಬಳಿಕ ಕೆನ್ನೆಯ ಮೇಲ್ಭಾಗ ಹಾಗೂ ಕೆಳದುಟಿಯ ಅಡಿಯಲ್ಲಿ ಕಾಣಿಸುತ್ತದೆ. ಗಲ್ಲ ಮತ್ತು ದವಡೆಯ ಗಡ್ಡ ತುಂಬುವುದು ಕೊನೆಗೆ. ಇಪ್ಪತ್ತು ದಾಟಿದ ಮೇಲೂ, ಕೆಲವರಲ್ಲಿ ಇಪ್ಪತ್ತೈದರವರೆಗೂ ಗಡ್ಡ ದಟ್ಟವಾಗುತ್ತಲೇ ಇರುತ್ತದೆ.

ಗಡ್ಡ ಕಡಿಮೆಯಿದ್ದರೆ ಪುರುಷ ಹಾರ್ಮೋನು ಕಡಿಮೆ ಎಂಬುದು ವ್ಯಾಪಕ ತಪ್ಪು ಕಲ್ಪನೆ. ಒಂದೇ ಪ್ರಮಾಣದ ಹಾರ್ಮೋನಿಗೆ ಒಬ್ಬನ ಕೂದಲ ಬೇರುಗಳು ಹೆಚ್ಚು ಸ್ಪಂದಿಸುತ್ತವೆ, ಇನ್ನೊಬ್ಬನದು ಕಡಿಮೆ. ಇದು ವಂಶವಾಹಿಗಳ ಲೆಕ್ಕಾಚಾರ. ತಂದೆ, ಸೋದರಮಾವ, ಚಿಕ್ಕಪ್ಪಂದಿರ ಮುಖ ನೋಡಿದರೆ ಅರ್ಧ ಉತ್ತರ ಸಿಕ್ಕೀತು. ಪದೇಪದೇ ಕ್ಷೌರ ಮಾಡಿದರೆ ಗಡ್ಡ ದಟ್ಟವಾಗುತ್ತದೆ ಎಂಬ ನಂಬಿಕೆಗೂ ಆಧಾರವಿಲ್ಲ. ಕತ್ತರಿಸಿದ ಕೂದಲಿನ ತುದಿ ಮೊಂಡಾಗಿರುವುದರಿಂದ ಹಾಗೆ ಭಾಸವಾಗುತ್ತದೆ, ಅಷ್ಟೆ.

ಚರ್ಮದ ಎಣ್ಣೆ ಗ್ರಂಥಿಗಳು ಚುರುಕಾಗುವುದರಿಂದ ಮೊಡವೆ ಬರುತ್ತದೆ. ಗುಳಿ ಬೀಳುವಂಥ ದೊಡ್ಡ ಮೊಡವೆಗಳಿಗೆ ಚರ್ಮವೈದ್ಯರ ಚಿಕಿತ್ಸೆಯಿದೆ. ಆದರೆ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮು ಹಚ್ಚಿದರೆ ಮೊಡವೆ ಉಲ್ಬಣಿಸಬಹುದು, ಚರ್ಮವೂ ತೆಳುವಾಗುತ್ತದೆ.

ಎದೆಯ ಉಬ್ಬು: ಹೇಳಲಾಗದ ನಾಚಿಕೆ

ಹರೆಯದ ನಡುವೆ ಹುಡುಗರಲ್ಲಿ ಅರ್ಧದಷ್ಟು ಮಂದಿಗೆ ಒಂದು ಅಥವಾ ಎರಡೂ ಮೊಲೆತೊಟ್ಟುಗಳ ಹಿಂದೆ ಗುಂಡಿಯಂತಹ ಗಟ್ಟಿ ಉಬ್ಬು ಬರುತ್ತದೆ, ಮುಟ್ಟಿದರೆ ನೋಯುತ್ತದೆ. ವೈದ್ಯರು ಇದನ್ನು ಗೈನೆಕೊಮಾಸ್ಟಿಯಾ ಎನ್ನುತ್ತಾರೆ. ಎರಡು ಹಾರ್ಮೋನುಗಳ ಸಮತೋಲ ತಾತ್ಕಾಲಿಕವಾಗಿ ಏರುಪೇರಾಗುವುದು ಇದಕ್ಕೆ ಕಾರಣ. ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿಯೇ ಇಳಿದುಹೋಗುತ್ತದೆ.

ಅರ್ಧ ತರಗತಿಗೆ ಆಗುವ ಈ ಬದಲಾವಣೆ ತನಗೊಬ್ಬನಿಗೇ ಆಗಿದೆ ಎಂದು ಪ್ರತಿಯೊಬ್ಬನೂ ಭಾವಿಸುವುದು ವಿಪರ್ಯಾಸ. ಈಜು ಬಿಡುವುದು, ಸೆಕೆಯಲ್ಲೂ ದಪ್ಪ ಬನಿಯನ್ ತೊಡುವುದು, ಬೆನ್ನು ಬಾಗಿಸಿ ನಡೆಯುವುದು ಈ ನಾಚಿಕೆಯ ಲಕ್ಷಣಗಳು. ತಂದೆಯ ಒಂದು ಸಮಾಧಾನದ ಮಾತು ಇಲ್ಲಿ ಔಷಧಕ್ಕಿಂತ ಮಿಗಿಲು. ಎರಡು ವರ್ಷ ಕಳೆದರೂ ಇಳಿಯದಿದ್ದರೆ, ಅಥವಾ ಹರೆಯದ ಬೇರೆ ಚಿಹ್ನೆಗಳಿಲ್ಲದೆ ಕಾಣಿಸಿಕೊಂಡರೆ, ತಜ್ಞರಿಗೆ ತೋರಿಸಬೇಕು.

ಕೇಳಲು ಹಿಂಜರಿಯುವ ಪ್ರಶ್ನೆಗಳು

ಎರಡು ವೃಷಣಗಳಲ್ಲಿ ಒಂದು, ಹೆಚ್ಚಾಗಿ ಎಡಗಡೆಯದು, ಕೊಂಚ ಕೆಳಗಿರುವುದು ಸಹಜ. ಗಾತ್ರದಲ್ಲಿ ಅಲ್ಪ ವ್ಯತ್ಯಾಸವೂ ಸಹಜ. ನಿದ್ರೆಯಲ್ಲಿ ಆಗುವ ಸ್ಖಲನ ಹರೆಯದ ಸ್ವಾಭಾವಿಕ ಘಟನೆ. ಅದರಿಂದ ಶಕ್ತಿ ಸೋರಿಹೋಗುವುದಿಲ್ಲ, ನೆನಪು ಕುಂದುವುದಿಲ್ಲ, ಮುಂದೆ ಮಕ್ಕಳಾಗುವುದಕ್ಕೆ ಅಡ್ಡಿಯೂ ಇಲ್ಲ. ಈ ಭಯದಿಂದ ನಿಜಕ್ಕೂ ನಿಶ್ಶಕ್ತಿ, ಖಿನ್ನತೆ ಅನುಭವಿಸುವವರು ನಮ್ಮಲ್ಲಿ ಎಷ್ಟು ಮಂದಿಯೆಂದರೆ, ಮನೋವೈದ್ಯ ಡಾ. ಎನ್.ಎನ್. ವಿಗ್ 1960ರಲ್ಲಿ ಅದಕ್ಕೆ ‘ಧಾತ್ ಸಿಂಡ್ರೋಮ್’ ಎಂದೇ ಹೆಸರಿಟ್ಟರು. ಅಲ್ಲಿ ಚಿಕಿತ್ಸೆ ಬೇಕಿರುವುದು ಭಯಕ್ಕೆ.

ಜನನಾಂಗದ ಗಾತ್ರದ ಬಗೆಗಿನ ಚಿಂತೆಯೂ ಇದೇ ಜಾತಿಯದು. ಬೆಳವಣಿಗೆ ಮುಗಿದ ಮೇಲೂ ವ್ಯಕ್ತಿಯಿಂದ ವ್ಯಕ್ತಿಗೆ ವ್ಯತ್ಯಾಸ ಇದ್ದೇ ಇರುತ್ತದೆ. ಈ ಚಿಂತೆಯಿಂದ ವೈದ್ಯರ ಬಳಿ ಬರುವವರಲ್ಲಿ ಬಹುತೇಕರು ಸಹಜ ವ್ಯಾಪ್ತಿಯೊಳಗೇ ಇರುತ್ತಾರೆ.

ಮೈದಾನದಲ್ಲಿ ಬೇಗ ಬೆಳೆದವರ ಮೇಲುಗೈ

ಶಾಲಾ ಕ್ರೀಡಾಕೂಟಗಳಲ್ಲಿ 14 ವರ್ಷದೊಳಗಿನವರ ತಂಡಕ್ಕೆ ಆಯ್ಕೆಯಾಗುವವರಲ್ಲಿ ಬೇಗ ಹರೆಯಕ್ಕೆ ಬಂದವರೇ ಎದ್ದು ಕಾಣುತ್ತಾರೆ. ಅವರ ಎಸೆತದ ವೇಗ, ಓಟದ ಬಿರುಸು ಹೆಚ್ಚು. ಆದರೆ ಈ ಮೇಲುಗೈ ಪ್ರತಿಭೆಯದ್ದಾಗಿರದೆ ಬರಿಯ ಕಾಲದ್ದಾಗಿರಬಹುದು. ತಡವಾಗಿ ಬೆಳೆಯುವ ಹುಡುಗ 18ರ ವೇಳೆಗೆ ಅವರನ್ನು ಸರಿಗಟ್ಟಬಲ್ಲ. ಅಷ್ಟರಲ್ಲಿ ಆತ ಆಟ ಬಿಟ್ಟಿದ್ದರೆ ನಷ್ಟ ತಂಡದ್ದು.

ಭಾರತೀಯ ಕ್ರಿಕೆಟ್ ಮಂಡಳಿಯು 16 ವರ್ಷದೊಳಗಿನ ಆಟಗಾರರ ವಯಸ್ಸನ್ನು ಅಂದಾಜಿಸಲು ಕೈ ಮತ್ತು ಮಣಿಕಟ್ಟಿನ ಎಕ್ಸ್-ರೇ ತೆಗೆಸುತ್ತದೆ. ಇದಕ್ಕೆ ಬಳಸುವ ‘ಟಿಡಬ್ಲ್ಯೂ3’ ವಿಧಾನದ ಮೊದಲ ಅಕ್ಷರವೂ ಟ್ಯಾನರ್ ಅವರದೇ. ಆದರೆ ಎಕ್ಸ್-ರೇ ತೋರಿಸುವುದು ಮೂಳೆಯ ವಯಸ್ಸನ್ನು, ಹುಟ್ಟಿದ ದಿನಾಂಕವನ್ನಲ್ಲ. ಆರೋಗ್ಯವಂತ ಬಾಲಕನಲ್ಲೂ ಇವೆರಡರ ನಡುವೆ ಒಂದೆರಡು ವರ್ಷಗಳ ಅಂತರವಿರಬಹುದು.

ಹದಿನೆಂಟರ ನಂತರ

ಮತದಾನದ ವಯಸ್ಸಿಗೆ ದೇಹದ ಬೆಳವಣಿಗೆ ಮುಗಿಯುವುದಿಲ್ಲ. ಎತ್ತರ ಬಹುತೇಕ ನಿಂತಿದ್ದರೂ ತಡವಾಗಿ ಹರೆಯಕ್ಕೆ ಬಂದವರು ಇನ್ನೂ ಸ್ವಲ್ಪ ಬೆಳೆಯುತ್ತಾರೆ. ಭುಜ ಅಗಲವಾಗುವುದು, ಸ್ನಾಯು ತುಂಬುವುದು, ಎದೆಯ ಮೇಲೆ ಕೂದಲು ಮೂಡುವುದು ಇಪ್ಪತ್ತರ ನಂತರವೂ ನಡೆಯುತ್ತದೆ. ಮೂಳೆಗಳ ಸಾಂದ್ರತೆ ಇಪ್ಪತ್ತರ ದಶಕದಲ್ಲಿ ಗರಿಷ್ಠ ಮಟ್ಟ ಮುಟ್ಟುತ್ತದೆ. ಈ ವರ್ಷಗಳ ಊಟ ಮತ್ತು ವ್ಯಾಯಾಮ ವೃದ್ಧಾಪ್ಯದ ಮೂಳೆಗಳಿಗೆ ಇಟ್ಟ ಠೇವಣಿ.

ಊಟದ ವಿಷಯದಲ್ಲಿ ಗಂಡುಮಕ್ಕಳಿಗೆ ಕೊರತೆಯಿಲ್ಲ ಎಂದು ಭಾವಿಸುವಂತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗರಲ್ಲಿ ಶೇ 31ರಷ್ಟು ಮಂದಿಗೆ ರಕ್ತಹೀನತೆ ಇದೆ. ರಾಗಿ, ಬೇಳೆ, ಕಾಳು, ಸೊಪ್ಪು, ಹಾಲು, ಮೊಟ್ಟೆ ಇವು ಡಬ್ಬಿಯ ಪ್ರೊಟೀನ್ ಪುಡಿಗಿಂತ ಅಗ್ಗ, ಉಪಯುಕ್ತ.

ವೈದ್ಯರನ್ನು ಯಾವಾಗ ಕಾಣಬೇಕು?

- 9 ವರ್ಷಕ್ಕೆ ಮೊದಲೇ ಹರೆಯದ ಚಿಹ್ನೆಗಳು ಕಂಡರೆ. ಗಂಡುಮಕ್ಕಳಲ್ಲಿ ಇದರ ಹಿಂದೆ ಬೇರೆ ಕಾಯಿಲೆ ಅಡಗಿರುವ ಸಂಭವ ಹೆಣ್ಣುಮಕ್ಕಳಿಗಿಂತ ಹೆಚ್ಚು.
- 14 ತುಂಬಿದರೂ ಯಾವ ಚಿಹ್ನೆಯೂ ಇಲ್ಲದಿದ್ದರೆ. ಇಂಥವರಲ್ಲಿ ಬಹುಪಾಲು ಮಂದಿ ಕೇವಲ ತಡವಾಗಿ ಬೆಳೆಯುವವರು. ತಂದೆಯೋ ತಾಯಿಯೋ ಹಾಗೆಯೇ ಬೆಳೆದಿರುತ್ತಾರೆ. ಆದರೂ ಒಮ್ಮೆ ಪರೀಕ್ಷೆ ಅಗತ್ಯ.
- ಹರೆಯ ಆರಂಭವಾಗಿ ಅರ್ಧಕ್ಕೇ ನಿಂತಂತೆ ಕಂಡರೆ, ಅಥವಾ ಎತ್ತರ ವರ್ಷಕ್ಕೆ 4 ಸೆಂಟಿಮೀಟರಿಗಿಂತ ಕಡಿಮೆ ಹೆಚ್ಚುತ್ತಿದ್ದರೆ.
- ಹರೆಯ ತಡವಾಗಿರುವುದರ ಜೊತೆಗೆ ವಾಸನೆಯೇ ತಿಳಿಯದಿದ್ದರೆ. ಇದು ಕಾಲ್ಮನ್ ಸಿಂಡ್ರೋಮ್ ಎಂಬ ಅಪರೂಪದ, ಆದರೆ ಚಿಕಿತ್ಸೆಯಿರುವ ಸ್ಥಿತಿಯ ಸೂಚನೆಯಾಗಿರಬಹುದು.
- ವೃಷಣವೊಂದು ಚೀಲಕ್ಕೆ ಇಳಿಯದೇ ಇದ್ದರೆ, ಅಥವಾ ಅದರಲ್ಲಿ ಗಟ್ಟಿ ಗಂಟು ಸಿಕ್ಕರೆ.
- ವೃಷಣದಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಬಂದರೆ. ಇದು ವೃಷಣ ತಿರುಚಿಕೊಂಡು ರಕ್ತಸಂಚಾರ ನಿಂತಿರುವ ಲಕ್ಷಣವಾಗಿರಬಹುದು. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಅದನ್ನು ಉಳಿಸುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಕಡಿಮೆ.

ಕೊನೆಯ ಅಂಶವನ್ನು ಪ್ರತಿಯೊಬ್ಬ ಹುಡುಗನಿಗೂ ಮೊದಲೇ ಹೇಳಿಡಬೇಕು. ನಾಚಿಕೆಯಿಂದ ‘ಹೊಟ್ಟೆನೋವು’ ಎಂದು ಮುಚ್ಚಿಟ್ಟು, ಬೆಳಗಾಗಲಿ ಎಂದು ಕಾದರೆ ವೃಷಣವನ್ನೇ ಕಳೆದುಕೊಳ್ಳಬೇಕಾದೀತು.

ಜಾಹೀರಾತಿನ ಬಲೆ

ಎತ್ತರ ಹೆಚ್ಚಿಸುವ, ಎದೆ ಇಳಿಸುವ, ಪುರುಷತ್ವ ವೃದ್ಧಿಸುವ ಭರವಸೆಯ ಜಾಹೀರಾತುಗಳು ಬಸ್ ನಿಲ್ದಾಣದ ಗೋಡೆಯಿಂದ ಮೊಬೈಲಿಗೆ ವಲಸೆ ಬಂದಿವೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯಿದೆ ಲೈಂಗಿಕ ಸಾಮರ್ಥ್ಯ ವೃದ್ಧಿಯ ಔಷಧ ಜಾಹೀರಾತುಗಳನ್ನು ನಿಷೇಧಿಸುತ್ತದೆ. ಇಂಥ ಔಷಧ ಜಾಹೀರಾತು ಸಲ್ಲದ ವಿಷಯಗಳ ಪಟ್ಟಿಯಲ್ಲಿ ‘ವ್ಯಕ್ತಿಯ ಎತ್ತರ’ವೂ ಸೇರಿದೆ. ಕಾನೂನಿಗೆ ಎಪ್ಪತ್ತು ವರ್ಷ ದಾಟಿದೆ, ಜಾಹೀರಾತುಗಳು ನಿಂತಿಲ್ಲ.

ಇದಕ್ಕಿಂತ ಅಪಾಯಕಾರಿಯಾದುದು ಜಿಮ್‌ಗಳ ಮೂಲಕ ಹುಡುಗರ ಕೈಸೇರುವ ಅನಬಾಲಿಕ್ ಸ್ಟಿರಾಯ್ಡ್. ಬೆಳೆಯುವ ವಯಸ್ಸಿನಲ್ಲಿ ಇದನ್ನು ತೆಗೆದುಕೊಂಡರೆ ಮೂಳೆಯ ಫಲಕಗಳು ಅಕಾಲದಲ್ಲೇ ಮುಚ್ಚಿ ಎತ್ತರ ನಿಂತುಹೋಗಬಹುದು. ಹೊರಗಿನಿಂದ ಹಾರ್ಮೋನು ಬಂದಾಗ ದೇಹ ತನ್ನ ಉತ್ಪಾದನೆಯನ್ನು ನಿಲ್ಲಿಸುತ್ತದೆ. ವೃಷಣ ಕುಗ್ಗುತ್ತದೆ, ಎದೆ ಉಬ್ಬುತ್ತದೆ. ಬೇಗ ಗಂಡಸಾಗಲು ಹೊರಟವನಿಗೆ ಸಿಗುವುದು ಅದರ ವಿರುದ್ಧ ಫಲ.

ಮನೆಯಲ್ಲಿ ಆಗಬೇಕಾದ ಮಾತು

ಕೇಂದ್ರ ಸರ್ಕಾರ 2014ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ 10ರಿಂದ 19 ವರ್ಷದವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪ್ತಸಲಹೆ ದೊರೆಯುತ್ತದೆ. ಕರ್ನಾಟಕದಲ್ಲಿ ಈ ಕೇಂದ್ರಗಳನ್ನು ‘ಸ್ನೇಹ ಕ್ಲಿನಿಕ್’ ಎನ್ನುತ್ತಾರೆ. ಇವು ಹುಡುಗಿಯರಿಗೆ ಮಾತ್ರವಲ್ಲ, ಹುಡುಗರಿಗೂ ಮೀಸಲು.

ಆದರೆ ಮೊದಲ ಮಾತು ಮನೆಯಲ್ಲೇ ಆಗುವುದು ಲೇಸು. ಹತ್ತು ವರ್ಷದ ಹೊತ್ತಿಗೆ ತಂದೆಯೋ, ಅಣ್ಣನೋ, ಸೋದರಮಾವನೋ ಮುಂದೆ ಏನೇನು ಬದಲಾಗಲಿದೆ ಎಂದು ಸರಳವಾಗಿ ತಿಳಿಸಬಹುದು. ತಾವು ಯಾವ ವಯಸ್ಸಿನಲ್ಲಿ ಎತ್ತರ ಬೆಳೆದೆವು, ಯಾವಾಗ ಮೊದಲು ಕ್ಷೌರ ಮಾಡಿದೆವು ಎಂದು ಹೇಳಿದರೆ ಹುಡುಗನಿಗೆ ತನ್ನ ವಂಶದ ಗಡಿಯಾರ ಯಾವ ವೇಗದಲ್ಲಿ ನಡೆಯುತ್ತದೆ ಎಂಬ ಅಂದಾಜು ಸಿಗುತ್ತದೆ. ಪಕ್ಕದ ಮನೆಯ ಹುಡುಗನೊಂದಿಗಿನ ಹೋಲಿಕೆಗಿಂತ ಬಾಗಿಲ ಚೌಕಟ್ಟಿನ ಮೇಲೆ ಆರು ತಿಂಗಳಿಗೊಮ್ಮೆ ಪೆನ್ಸಿಲಿನಿಂದ ಎಳೆದ ಗೆರೆ ಹೆಚ್ಚು ನಂಬಲರ್ಹ. ಆ ಗೆರೆಗಳು ಮೇಲೇರುತ್ತಿದ್ದರೆ ಕಾಯಬಹುದು. ಏರದಿದ್ದರೆ, ಅದೇ ಗೆರೆಗಳ ಅಳತೆಯನ್ನು ಬರೆದುಕೊಂಡು ಮಕ್ಕಳ ವೈದ್ಯರ ಬಳಿಗೆ ಹೋಗಬೇಕು.